ಕಾರಿನ ಟೈರ್ ಗಾಳಿ ಹಿಡಿಯುತ್ತಿಲ್ವಾ? ಮೊದಲು ಮೀಟರ್ ನೋಡಿ

ಟೈರ್ ಇಳಿದಿದೆ. ಡಿಕ್ಕಿಯಲ್ಲಿದ್ದ ಪಂಪ್ ತೆಗೆದು ಜೋಡಿಸಿದ್ದೀರಿ. ಅದು ಜೋರಾಗಿ ಸದ್ದು ಮಾಡುತ್ತಿದೆ, ಟೈರ್ ಮಾತ್ರ ಮೇಲೇಳುತ್ತಿಲ್ಲ. ಇಂಥ ಹೊತ್ತಲ್ಲಿ ಹೆಚ್ಚಿನವರು ‘ಇನ್ನೈದು ನಿಮಿಷ ನೋಡೋಣ’ ಅಂತ ಪಂಪನ್ನು ಓಡಿಸುತ್ತಲೇ ಇರುತ್ತಾರೆ. ಪಂಪ್ ಬಿಸಿಯಾಗುತ್ತದೆ, ಒಮ್ಮೊಮ್ಮೆ ಫ್ಯೂಸ್ ಹೋಗುತ್ತದೆ, ಟೈರ್ ಹಾಗೇ ಮಲಗಿರುತ್ತದೆ.

ಗಾಳಿ ಹಿಡಿಯದ ಟೈರಿನ ತೊಂದರೆ ಎರಡೇ ಬಗೆ. ಒಂದು, ಗಾಳಿ ಒಳಗೆ ಹೋಗುತ್ತಲೇ ಇಲ್ಲ. ಇನ್ನೊಂದು, ಹೋದ ಗಾಳಿ ಅಷ್ಟೇ ಬೇಗ ಹೊರಗೆ ಬರುತ್ತಿದೆ. ಎರಡಕ್ಕೂ ಮದ್ದು ಬೇರೆ ಬೇರೆ. ನಿಮ್ಮದು ಯಾವುದು ಅಂತ ತಿಳಿಯಲು ಮೆಕ್ಯಾನಿಕ್ ಬೇಕಿಲ್ಲ. ಪಂಪಿನ ಮೀಟರ್ ಮತ್ತು ನಿಮ್ಮ ಕಿವಿ ಸಾಕು. ಇಲ್ಲಿ ಬರೆದಿರುವುದು ಈಗಿನ ಹೆಚ್ಚಿನ ಕಾರುಗಳಲ್ಲಿರುವ ಟ್ಯೂಬ್‌ಲೆಸ್ ಟೈರಿನ ಬಗ್ಗೆ. ಟ್ಯೂಬ್ ಇರುವ ಹಳೇ ಗಾಡಿಗಳ ವಿಷಯ ಮಧ್ಯದಲ್ಲಿ ಬರುತ್ತದೆ.

ಪಂಪ್ ಮುಟ್ಟುವ ಮುಂಚೆ

ಗಾಡಿ ರಸ್ತೆಯಲ್ಲಿದ್ದರೆ ಮೊದಲು ಎಡಕ್ಕೆ, ಸಮತಟ್ಟಾದ ಜಾಗಕ್ಕೆ ತನ್ನಿ. ಹಜಾರ್ಡ್ ಲೈಟ್ ಹಾಕಿ, ಹ್ಯಾಂಡ್‌ಬ್ರೇಕ್ ಎಳೆಯಿರಿ, ಬೇರೆ ಚಕ್ರಕ್ಕೆ ಒಂದು ಕಲ್ಲು ಕೊಡಿ. ಕೆಂಪು ತ್ರಿಕೋನವನ್ನು ಗಾಡಿಯಿಂದ ಸಾಕಷ್ಟು ಹಿಂದೆ ಇಡಿ. ಟ್ರಾಫಿಕ್ ಕಡೆಯ ಚಕ್ರ ಇಳಿದಿದ್ದು, ಬದಿಯಲ್ಲಿ ಜಾಗವೇ ಇಲ್ಲದಿದ್ದರೆ ಅಲ್ಲಿ ಕೂತು ಕೆಲಸ ಮಾಡಬೇಡಿ. ರಾಷ್ಟ್ರೀಯ ಹೆದ್ದಾರಿಯಲ್ಲಿದ್ದರೆ 1033ಕ್ಕೆ ಫೋನ್ ಮಾಡಿ. ಅದು ಹೆದ್ದಾರಿ ಪ್ರಾಧಿಕಾರದ ಸಹಾಯವಾಣಿ, ಹಗಲು ರಾತ್ರಿ ಇರುತ್ತದೆ.

ಆಮೇಲೆ ಟೈರನ್ನು ಸುಮ್ನೆ ಒಂದು ಸುತ್ತು ನೋಡಿ. ಹುಡುಕಬೇಕಾದ್ದು ಮೊಳೆಗಿಂತ ಮೊದಲು ಇನ್ನೊಂದು: ಇಳಿದ ಟೈರಿನ ಮೇಲೆ ಗಾಡಿ ಓಡಿದೆಯಾ? ಹಾಗೆ ಓಡಿದ್ದರೆ ಟೈರಿನ ಪಕ್ಕದಲ್ಲಿ ಸುತ್ತಲೂ ಉಜ್ಜಿದ ಪಟ್ಟಿ ಕಾಣುತ್ತದೆ. ರಬ್ಬರ್ ಸುಕ್ಕಾಗಿರುತ್ತದೆ, ಮುಟ್ಟಿದರೆ ಬಿಸಿ ಇರುತ್ತದೆ, ಕೈಗೆ ಕಪ್ಪು ಪುಡಿ ಅಂಟುತ್ತದೆ. ಗಾಳಿ ಇಲ್ಲದೆ ಓಡಿದಾಗ ಟೈರಿನ ಪಕ್ಕದ ಗೋಡೆ ಮಡಚಿ ಮಡಚಿ ಒಳಗಿನ ದಾರ ಹರಿದಿರುತ್ತದೆ. ಹೊರಗಿನಿಂದ ಅದು ಪೂರ್ತಿ ಕಾಣುವುದಿಲ್ಲ. ಅಂಥ ಟೈರಿಗೆ ಗಾಳಿ ತುಂಬಿಸುವಾಗ ಪಕ್ಕ ಸಿಡಿಯಬಹುದು. ಈ ಗುರುತು ಕಂಡರೆ ಪಂಪನ್ನು ಅಲ್ಲೇ ಬಿಡಿ, ಸ್ಟೆಪ್ನಿ ಹಾಕಿ. ಪಕ್ಕದ ಗೋಡೆ ಕೊಯ್ದಿದ್ದರೆ ಅಥವಾ ಉಬ್ಬಿದ್ದರೂ ಅಷ್ಟೇ. ಇದರಲ್ಲಿ ಚೌಕಾಸಿ ಮಾಡಬೇಡಿ. ಒಂದು ಟೈರಿನ ದುಡ್ಡು ಉಳಿಸಲು ಹೋಗಿ ಕೈ, ಮುಖ ಕಳೆದುಕೊಳ್ಳುವಂಥ ಕೆಲಸ ಇದು.

ಟೈರ್ ಚೆನ್ನಾಗಿಯೇ ಇದೆ ಅನ್ನಿಸಿದರೂ ಗಾಳಿ ತುಂಬುವಾಗ ಪಕ್ಕದ ಗೋಡೆಗೆ ಎದುರಾಗಿ ಕೂರಬೇಡಿ. ಸ್ವಲ್ಪ ಓರೆಗೆ, ಟೈರಿನ ಬಟನ್ (ರಸ್ತೆಗೆ ತಾಗುವ, ಗೆರೆ ಕೊರೆದ ಭಾಗ) ಇರುವ ಕಡೆಗೆ ಸರಿದು ನಿಲ್ಲಿ.

ಮೀಟರ್ ಏನು ಹೇಳುತ್ತಿದೆ

ಪಂಪ್ ಪೈಪಿನ ತುದಿಯ ನಾಝಲನ್ನು ಟೈರಿಗೆ ಗಾಳಿ ಹಾಕುವ ವಾಲ್ವಿಗೆ ಸರಿಯಾಗಿ ಜೋಡಿಸಿ. ಪಂಪ್ ಆನ್ ಮಾಡುವ ಮೊದಲು ಮೀಟರ್ ನೋಡಿ. ಟೈರಿನಲ್ಲಿ ಸ್ವಲ್ಪವಾದರೂ ಗಾಳಿ ಉಳಿದಿದ್ದರೆ, ನಾಝಲ್ ಸರಿಯಾಗಿ ಕೂತ ಕೂಡಲೇ ಮುಳ್ಳು ಅಷ್ಟನ್ನು ತೋರಿಸುತ್ತದೆ. ಟೈರ್ ಅರ್ಧ ನಿಂತಿದೆ, ಆದರೆ ಮೀಟರ್ ಸೊನ್ನೆ ಅನ್ನುತ್ತಿದೆ ಅಂದರೆ ನಾಝಲ್ ವಾಲ್ವಿನ ಒಳಗಿನ ಪಿನ್ನನ್ನು ಒತ್ತುತ್ತಿಲ್ಲ ಅಂತ ಅರ್ಥ. ಅಥವಾ ಪಿನ್ನೇ ಕಟ್ಟಿಕೊಂಡಿದೆ.

ಈಗ ಪಂಪ್ ಆನ್ ಮಾಡಿ. ದಾರಿ ಮುಚ್ಚಿದ್ದರೆ ಮೊದಲ ಹತ್ತು ಸೆಕೆಂಡಿನಲ್ಲೇ ಗೊತ್ತಾಗುತ್ತದೆ.

ಮುಳ್ಳು ಒಂದೇ ಸಲ 40, 50 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ದಾಟಿ ಮೇಲೆ ಹೋಗಿ, ಪಂಪಿನ ಸದ್ದು ಭಾರವಾದರೆ ದಾರಿ ಮುಚ್ಚಿದೆ. ಗಾಳಿ ಪೈಪಿನಲ್ಲೇ ಸಿಕ್ಕಿಕೊಂಡಿದೆ, ಟೈರಿಗೆ ಹೋಗುತ್ತಿಲ್ಲ. ಡಿಜಿಟಲ್ ಪಂಪ್ ಆದರೆ ಹೀಗಾದಾಗ ‘ತುಂಬಿತು’ ಅಂದುಕೊಂಡು ತಾನೇ ನಿಂತುಬಿಡುತ್ತದೆ.

ಒಂದೆರಡು ನಿಮಿಷವಾದರೂ ಮುಳ್ಳು ಸೊನ್ನೆಯ ಹತ್ತಿರ ನಡುಗುತ್ತಾ ಅಲ್ಲೇ ಇದ್ದರೆ, ಪಂಪಿನ ಸದ್ದು ಹಗುರವಾಗಿದ್ದರೆ, ಗಾಳಿ ಎಲ್ಲಿಂದಲೋ ಹೊರಗೆ ಹೋಗುತ್ತಿದೆ.

ಮುಳ್ಳು ನಿಧಾನಕ್ಕೆ ಏರುತ್ತಿದ್ದರೆ ತೊಂದರೆಯೇ ಇಲ್ಲ, ತಾಳ್ಮೆ ಬೇಕಷ್ಟೇ. ಪೂರ್ತಿ ಖಾಲಿಯಾದ ಸಣ್ಣ ಕಾರಿನ ಟೈರ್ ತುಂಬಲು ಸಾಮಾನ್ಯ 12 ವೋಲ್ಟ್ ಪಂಪಿಗೆ 5ರಿಂದ 10 ನಿಮಿಷ ಹಿಡಿಯುತ್ತದೆ. ದೊಡ್ಡ ಎಸ್‌ಯುವಿ ಟೈರಿಗೆ ಇನ್ನೂ ಜಾಸ್ತಿ. ಮೊದಲ ಒಂದೆರಡು ನಿಮಿಷ ಟೈರ್ ಎದ್ದದ್ದು ಕಣ್ಣಿಗೇ ಕಾಣುವುದಿಲ್ಲ.

ಮುಳ್ಳು ಮೇಲೇರಿದೆ, ಟೈರ್ ಏಳುತ್ತಿಲ್ಲ

ಮೊದಲ ಅನುಮಾನ ನಾಝಲ್ ಮೇಲೆಯೇ ಇರಲಿ. ಲಿವರ್ ಇರುವ ನಾಝಲ್ ಆದರೆ ಲಿವರ್ ಎತ್ತಿಟ್ಟುಕೊಂಡು, ವಾಲ್ವಿನ ಮೇಲೆ ನೇರವಾಗಿ, ಪೂರ್ತಿ ಕೆಳಗೆ ಒತ್ತಿ, ಆಮೇಲೆ ಲಿವರ್ ಮಡಚಿ. ಅರ್ಧ ಕೂರಿಸಿ ಮಡಚಿದರೆ ಅದು ವಾಲ್ವನ್ನು ಹಿಡಿದುಕೊಳ್ಳುತ್ತದೆ, ಒಳಗಿನ ಪಿನ್ನನ್ನು ಮಾತ್ರ ಮುಟ್ಟುವುದಿಲ್ಲ. ತಿರುಗಿಸಿ ಕೂರಿಸುವ ನಾಝಲ್ ಆದರೆ ಎರಡು ಸುತ್ತಿಗೆ ಬಿಗಿಯಾಯಿತು ಅಂತ ಬಿಡಬೇಡಿ, ಕೊನೆ ತನಕ ತಿರುಗಿಸಿ. ಟೈರಿನಲ್ಲಿ ಗಾಳಿ ಉಳಿದಿದ್ದರೆ, ಬಿಗಿಯಾಗುವ ಮುಂಚೆ ಒಮ್ಮೆ ಅದು ‘ಸ್ಸ್’ ಅನ್ನುತ್ತದೆ, ಪೂರ್ತಿ ಕೂತ ಮೇಲೆ ಸದ್ದು ನಿಲ್ಲುತ್ತದೆ. ಆ ಸದ್ದು ಬಂದು ನಿಂತರೆ ಪಿನ್ ಒತ್ತಿದೆ ಅಂತ ಖಾತ್ರಿ.

ನಮ್ಮಲ್ಲಿ ತುಂಬಾ ಕಾಡುವ ಇನ್ನೊಂದು ತೊಂದರೆ ವೀಲ್ ಕ್ಯಾಪ್‌ದು. ಕಬ್ಬಿಣದ ರಿಮ್ಮಿನ ಮೇಲೆ ಹಾಕುವ ಪ್ಲಾಸ್ಟಿಕ್ ಕ್ಯಾಪ್ ಸ್ವಲ್ಪ ತಿರುಗಿದ್ದರೂ ವಾಲ್ವ್ ಅದರ ತೂತಿನ ಅಂಚಿಗೆ ಒತ್ತಿಕೊಂಡು ವಾಲಿಬಿಡುತ್ತದೆ. ನಾಝಲ್ ನೇರವಾಗಿ ಕೂರಲು ಜಾಗವೇ ಇರುವುದಿಲ್ಲ. ಹೊರಗಿನ ಕ್ಯಾಪ್ ಹಾಕಿಸಿದವರಿಗಂತೂ ಇದು ಯಾವಾಗಲೂ ಇದ್ದದ್ದೇ. ಗುದ್ದಾಡುತ್ತಾ ಕೂರಬೇಡಿ, ಕ್ಯಾಪ್ ಕಿತ್ತು ಪಕ್ಕಕ್ಕಿಡಿ. ಅಂಚಿನಲ್ಲಿ ಎರಡೂ ಕೈ ಹಾಕಿ ನೇರ ಎಳೆದರೆ ಬರುತ್ತದೆ. ಕೆಲವು ಕಾರಿನಲ್ಲಿ ಚಕ್ರದ ನಟ್ಟುಗಳೇ ಅದನ್ನು ಹಿಡಿದಿರುತ್ತವೆ, ಅಲ್ಲಿ ಎಳೆಯಬೇಡಿ. ವಾಲ್ವ್ ಕೆಳಗೆ, ನೆಲದ ಹತ್ತಿರ ನಿಂತಿದ್ದರೆ ಜಾಕ್ ಹಾಕಿ ಚಕ್ರ ತಿರುಗಿಸಿಕೊಳ್ಳಿ. ಇಳಿದ ಟೈರಿನ ಮೇಲೆ ಗಾಡಿ ತಳ್ಳುವುದಕ್ಕಿಂತ ಅದೇ ವಾಸಿ.

ನಾಝಲ್ ಸರಿಯಾಗಿದ್ದೂ ಗಾಳಿ ಹೋಗದಿದ್ದರೆ ವಾಲ್ವಿನ ಒಳಗೆ ನೋಡಬೇಕು. ಮೊಬೈಲ್ ಟಾರ್ಚ್ ಹಿಡಿದು ಬಾಯಿಯೊಳಗೆ ನೋಡಿ. ಮಧ್ಯದಲ್ಲಿ ಗುಂಡುಸೂಜಿ ತಲೆಯಷ್ಟು ಸಣ್ಣ ಹಿತ್ತಾಳೆಯ ಪಿನ್ ಕಾಣುತ್ತದೆ. ಅದು ಬಾಯಿಯ ಅಂಚಿಗೆ ಹೆಚ್ಚುಕಡಿಮೆ ಸಮವಾಗಿ, ನೇರವಾಗಿ ಇರಬೇಕು. ಒಳಗೆ ಕುಸಿದಿದ್ದರೆ, ಒಂದು ಪಕ್ಕಕ್ಕೆ ಬಾಗಿದ್ದರೆ, ಸುತ್ತ ಮಣ್ಣು ಗಟ್ಟಿಯಾಗಿದ್ದರೆ ತೊಂದರೆ ಅಲ್ಲೇ ಇದೆ. ವಾಲ್ವ್ ಕ್ಯಾಪ್ ಕಳೆದುಹೋದ ಗಾಡಿಯನ್ನು ಮಳೆಗಾಲದಲ್ಲಿ ಮಲೆನಾಡಿನ ಕೆಂಪು ಮಣ್ಣಿನಲ್ಲೋ ಉತ್ತರ ಕರ್ನಾಟಕದ ಎರೆಮಣ್ಣಿನಲ್ಲೋ ಓಡಿಸಿದರೆ ಹೀಗಾಗುವುದು ಸಹಜ. ಎರೆಮಣ್ಣು ಒಣಗಿದರೆ ಕಲ್ಲೇ. ಊದಿ ತೆಗೆಯಲು ಹೋಗಬೇಡಿ, ಒಳಗೆ ಹೋಗುತ್ತದೆ. ತೆಳು ಕಡ್ಡಿಯಿಂದ ಕೆದಕಿ, ಬಟ್ಟೆಯಿಂದ ಒರೆಸಿ. ಆಮೇಲೆ ಅದೇ ಕಡ್ಡಿಯಿಂದ ಪಿನ್ ಒತ್ತಿ ಬಿಡಿ. ಒತ್ತಿದಾಗ ಒಳಗೆ ಹೋಗಿ, ಬಿಟ್ಟಾಗ ಪುಟಿದು ಮೇಲೆ ಬರಬೇಕು. ಹೋಗದಿದ್ದರೆ ಅಥವಾ ಹೋಗಿ ಅಲ್ಲೇ ಉಳಿದರೆ ಪಿನ್ ಬದಲಿಸಬೇಕು.

ಇದು ಕಷ್ಟದ ಕೆಲಸವಲ್ಲ. ನಮ್ಮ ಕಾರು, ಬೈಕು, ಸ್ಕೂಟರ್ ಎಲ್ಲದರಲ್ಲೂ ಇರುವುದು 1893ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಪಡೆದ ಶ್ರೇಡರ್ ವಾಲ್ವ್. ಒಳಗಿನ ಸಣ್ಣ ಪಿನ್ ಜೋಡಣೆಯನ್ನು ಸ್ಕ್ರೂ ಥರ ಬಿಚ್ಚಿ ಹಾಕಬಹುದು. ಬೈಕಿನ ಪಿನ್ ಕಾರಿಗೂ ಸಾಮಾನ್ಯವಾಗಿ ಹೊಂದುತ್ತದೆ. ಪಂಕ್ಚರ್ ಅಂಗಡಿಯಲ್ಲಿ ಪಿನ್ನಿಗೆ ಚಿಲ್ಲರೆ ಕಾಸು, ಅದನ್ನು ಬಿಚ್ಚುವ ಕೀ ಕೂಡ ಅಗ್ಗವೇ. ಸ್ಟೆಪ್ನಿಯೂ ಇಳಿದು ಕೂತಿದ್ದರೆ, ಅದರ ಪಿನ್ ಬಿಚ್ಚಿ ಇದಕ್ಕೆ ಹಾಕಿ ನೋಡಬಹುದು.

ಬಿಚ್ಚುವ ಕ್ರಮ ಹೀಗೆ. ಟೈರಿನಲ್ಲಿ ಗಾಳಿ ಉಳಿದಿದ್ದರೆ ಪಿನ್ ಒತ್ತಿ ಪೂರ್ತಿ ಬಿಡಿ. ಗಾಳಿ ಇರುವಾಗ ಬಿಚ್ಚಿದರೆ ಪಿನ್ ಚಿಮ್ಮಿ ಕಣ್ಣಿಗೆ ಬಡಿಯಬಹುದು. ಕೀಯನ್ನು ಎಡಕ್ಕೆ ತಿರುಗಿಸಿ ಪಿನ್ ಹೊರತೆಗೆಯಿರಿ. ಈಗ ಪಿನ್ ಇಲ್ಲದೆಯೇ ಪಂಪ್ ಜೋಡಿಸಿ ಒಂದು ನಿಮಿಷ ಓಡಿಸಿ. ಗಾಳಿ ಸಲೀಸಾಗಿ ಹೋಗುತ್ತಿದ್ದರೆ ತಪ್ಪು ಪಿನ್ನಿನದೇ, ಹೊಸದು ಹಾಕಿ. ಆಗಲೂ ಮುಳ್ಳು ಮೇಲೇರಿದರೆ ವಾಲ್ವಿನ ಕೊಳವೆಯೇ ಕಟ್ಟಿಕೊಂಡಿದೆ, ಅದು ಅಂಗಡಿಯ ಕೆಲಸ. ಹೊಸ ಪಿನ್ನನ್ನು ಬಲಕ್ಕೆ ತಿರುಗಿಸುತ್ತಾ ಹೋಗಿ, ಕೈಗೆ ಬಿಗಿ ಅನ್ನಿಸಿದ ಮೇಲೆ ಇನ್ನೊಂದು ಕಾಲು ಸುತ್ತು ಸಾಕು. ಜಾಸ್ತಿ ತಿರುಗಿಸಿದರೆ ಒಳಗಿನ ಸಣ್ಣ ವಾಷರ್ ಹಾಳಾಗುತ್ತದೆ.

ಪಂಕ್ಚರ್ ಲಿಕ್ವಿಡ್ ಹಾಕಿಸಿದವರು ಇಲ್ಲಿ ವಿಶೇಷ ಗಮನ ಕೊಡಬೇಕು. ಆ ದ್ರವ ವಾಲ್ವಿನೊಳಗೆ ಬಂದು ಒಣಗಿದರೆ ಅಂಟು ಮೇಣವಾಗಿ ಪಿನ್ನನ್ನು ಹಿಡಿದುಬಿಡುತ್ತದೆ. ಅಂಥ ಟೈರಿಗೆ ಗಾಳಿ ಹಾಕುವಾಗ, ಚೆಕ್ ಮಾಡುವಾಗ ವಾಲ್ವ್ ಯಾವಾಗಲೂ ಚಕ್ರದ ಮೇಲ್ಭಾಗದಲ್ಲಿರಲಿ. ಕೆಳಗಿದ್ದರೆ ಗಾಳಿಯ ಜೊತೆ ದ್ರವವೂ ವಾಲ್ವಿಗೆ ನುಗ್ಗುತ್ತದೆ. 2020ರಲ್ಲಿ ನಿಯಮ ಬದಲಾದ ಮೇಲೆ, ಟ್ಯೂಬ್‌ಲೆಸ್ ಟೈರ್, ಟಿಪಿಎಂಎಸ್ (ಟೈರಿನ ಗಾಳಿಯ ಒತ್ತಡ ಗಮನಿಸಿ ಎಚ್ಚರಿಸುವ ವ್ಯವಸ್ಥೆ) ಮತ್ತು ರಿಪೇರಿ ಕಿಟ್ ಇದ್ದರೆ ಕಾರಿಗೆ ಸ್ಟೆಪ್ನಿ ಕಡ್ಡಾಯವಲ್ಲ. ಹಾಗಾಗಿ ಸ್ಟೆಪ್ನಿ ಬದಲು ಪಂಪ್ ಮತ್ತು ಲಿಕ್ವಿಡ್ ಬಾಟಲಿ ಮಾತ್ರ ಬರುವ ಗಾಡಿಗಳು ಹೆಚ್ಚಾಗುತ್ತಿವೆ. ನಿಮ್ಮದು ಅಂಥದ್ದಾದರೆ ವಾಲ್ವ್ ಕೀ, ಎರಡು ಪಿನ್ ಡ್ಯಾಶ್‌ಬೋರ್ಡಿನ ಡಬ್ಬಿಯಲ್ಲಿ ಇರಲೇಬೇಕು.

ಕೆಲವೊಮ್ಮೆ ವಾಲ್ವ್ ಕ್ಯಾಪೇ ಬಿಚ್ಚಲು ಬರುವುದಿಲ್ಲ. ಮಂಗಳೂರು, ಉಡುಪಿ, ಕಾರವಾರದ ಕಡೆ ಉಪ್ಪು ಗಾಳಿಗೆ ಲೋಹದ ಕ್ಯಾಪ್ ವಾಲ್ವಿಗೆ ಹಿಡಿದುಕೊಂಡುಬಿಡುತ್ತದೆ. ತುಕ್ಕು ಬಿಡಿಸುವ ಸ್ಪ್ರೇ ಹನಿಸಿ ಹತ್ತು ನಿಮಿಷ ಬಿಡಿ. ಒಂದು ಕೈಯಲ್ಲಿ ವಾಲ್ವಿನ ಬುಡ ಹಿಡಿದುಕೊಂಡು, ಇನ್ನೊಂದರಲ್ಲಿ ಕ್ಯಾಪನ್ನು ಆಚೆ ಈಚೆ ಮೆಲ್ಲಗೆ ಆಡಿಸಿ. ಟಿಪಿಎಂಎಸ್ ಇರುವ ಕಾರಿನಲ್ಲಿ ವಾಲ್ವ್ ಲೋಹದ್ದಾಗಿದ್ದರೆ ಇಕ್ಕಳ ಹಾಕಿ ತಿರುಗಿಸಬೇಡಿ. ಒಳಗೆ ಸೆನ್ಸರ್ ಆ ವಾಲ್ವಿಗೇ ಅಂಟಿಕೊಂಡಿರುತ್ತದೆ, ಮುರಿದರೆ ಸಾವಿರಾರು ರೂಪಾಯಿ. ಅಂಥ ವಾಲ್ವಿಗೆ ನಿಕಲ್ ಲೇಪನದ ಪಿನ್ ಬೇಕು. ಸಾದಾ ಹಿತ್ತಾಳೆ ಪಿನ್ ಅಲ್ಯೂಮಿನಿಯಂ ಕೊಳವೆಯಲ್ಲಿ ಸವೆತ ಬಂದು ಹಿಡಿದುಕೊಳ್ಳುತ್ತದೆ. ಅಂದದ ಲೋಹದ ಕ್ಯಾಪ್ ಬೇಡ, ಪ್ಲಾಸ್ಟಿಕ್ ಕ್ಯಾಪ್ ಇರಲಿ.

ಮುಳ್ಳು ಸೊನ್ನೆ ಬಿಟ್ಟು ಏಳುತ್ತಿಲ್ಲ

ಈಗ ಕಿವಿಯ ಸರದಿ. ಪಂಪಿನ ಸದ್ದಿನಲ್ಲಿ ಏನೂ ಕೇಳುವುದಿಲ್ಲ. ಒಂದೆರಡು ನಿಮಿಷ ಓಡಿಸಿ, ಆಫ್ ಮಾಡಿ, ತಕ್ಷಣ ಕೇಳಿ. ಗಾಳಿ ಸೋರುವ ಜಾಗಗಳು ನಾಲ್ಕೈದೇ: ನಾಝಲ್, ವಾಲ್ವಿನ ಬಾಯಿ, ವಾಲ್ವಿನ ಬುಡ, ರಿಮ್ಮಿನ ಅಂಚು, ಟೈರಿನ ತೂತು.

ಸೋಪಿನ ನೀರು ಇದ್ದರೆ ಕೆಲಸ ಸಲೀಸು. ನೀರಿನ ಬಾಟಲಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ನಾಲ್ಕು ಹನಿ ಹಾಕಿ ಅಲ್ಲಾಡಿಸಿ. ಹ್ಯಾಂಡ್‌ವಾಷ್, ಶಾಂಪೂ ಪೊಟ್ಟಣ ಆದರೂ ನಡೆಯುತ್ತದೆ. ವಾಲ್ವಿನ ಬಾಯಿಗೆ ಒಂದು ಹನಿ ಬಿಡಿ. ಪಂಕ್ಚರ್ ಅಂಗಡಿಯವರು ಬೆರಳು ಒದ್ದೆ ಮಾಡಿ ವಾಲ್ವಿನ ಬಾಯಿಗೆ ಸವರಿ ದಿಟ್ಟಿಸಿ ನೋಡುವುದು ಇದನ್ನೇ. ಸೋರಿಕೆ ಇದ್ದರೆ ಆ ತೆಳು ಪರದೆ ಮೆಲ್ಲಗೆ ಉಬ್ಬಿ ಗುಳ್ಳೆಯಾಗಿ ಒಡೆಯುತ್ತದೆ. ಮತ್ತೆ ಸವರಿದರೆ ಮತ್ತೆ ಉಬ್ಬುತ್ತದೆ. ಆಗ ಕೀಯಿಂದ ಪಿನ್ನನ್ನು ಚೂರು ಬಿಗಿ ಮಾಡಿ. ಎಷ್ಟೋ ಸಲ ಅಷ್ಟಕ್ಕೇ ನಿಲ್ಲುತ್ತದೆ.

ಬಾಯಿ ಸರಿಯಿದ್ದರೆ ಬುಡ ನೋಡಿ. ರಬ್ಬರ್ ವಾಲ್ವನ್ನು ಬೆರಳಿಂದ ಮೆಲ್ಲಗೆ ಪಕ್ಕಕ್ಕೆ ಬಾಗಿಸಿ. ಬಾಗಿಸಿದಾಗ ಮಾತ್ರ ‘ಸ್ಸ್’ ಅಂದರೆ ಬುಡದ ರಬ್ಬರ್ ಬಿರುಕು ಬಿಟ್ಟಿದೆ. ಈ ವಾಲ್ವ್ ಬಿಸಿಲಿಗೆ, ವಯಸ್ಸಿಗೆ ಗಟ್ಟಿಯಾಗಿ ಒಡೆಯುತ್ತದೆ. ರಸ್ತೆಯಲ್ಲಿ ಇದಕ್ಕೆ ಮದ್ದಿಲ್ಲ, ಟೈರ್ ಬಿಚ್ಚಿಯೇ ಬದಲಿಸಬೇಕು. ಹಾಗಾಗಿ ಹೊಸ ಟೈರ್ ಹಾಕಿಸುವಾಗಲೆಲ್ಲ ಹೊಸ ವಾಲ್ವನ್ನೂ ಕೇಳಿ ಹಾಕಿಸಿ. ಸಾವಿರಾರು ರೂಪಾಯಿಯ ಟೈರಿಗೆ ಹಳೇ ವಾಲ್ವ್ ಉಳಿಸುವುದು ಯಾವ ಲೆಕ್ಕದಲ್ಲೂ ಲಾಭವಲ್ಲ.

ಟ್ಯೂಬ್ ಇರುವ ಗಾಡಿಯಲ್ಲಿ ಈ ಪರೀಕ್ಷೆ ದಾರಿ ತಪ್ಪಿಸುತ್ತದೆ. ಹಳೇ ಅಂಬಾಸಡರ್, ಮಾರುತಿ 800, ಹಳೇ ವ್ಯಾನುಗಳಲ್ಲಿ ಟ್ಯೂಬ್ ಎಲ್ಲೇ ತೂತಾಗಿದ್ದರೂ ಗಾಳಿ ಟೈರಿನೊಳಗೆ ಸುತ್ತಿ ವಾಲ್ವಿನ ತೂತಿನಿಂದಲೇ ಹೊರಬರುತ್ತದೆ. ವಾಲ್ವ್ ಸಡಿಲವಾಗಿ ಒಳಕ್ಕೆ ಹೊರಕ್ಕೆ ಆಡುತ್ತಿದ್ದರೆ ಒಳಗೆ ಟ್ಯೂಬ್ ಇದೆ ಅಂತ ತಿಳಿಯಿರಿ. ವಾಲ್ವ್ ಒಂದು ಕಡೆಗೆ ಓರೆಯಾಗಿ ನಿಂತಿದ್ದರೆ ಟೈರಿನೊಳಗೆ ಟ್ಯೂಬ್ ಜಾರಿದೆ, ಹೆಚ್ಚಾಗಿ ವಾಲ್ವಿನ ಬುಡವೇ ಹರಿದಿರುತ್ತದೆ. ಅದಕ್ಕೆ ಪಂಪ್ ಹೊಡೆಯುತ್ತಾ ಕೂತು ಪ್ರಯೋಜನವಿಲ್ಲ. ಬೆಂಡಾದ ರಿಮ್ಮಿಗೆ ಟ್ಯೂಬ್‌ಲೆಸ್ ಟೈರಿನೊಳಗೇ ಟ್ಯೂಬ್ ಹಾಕಿಕೊಟ್ಟಿರುವುದೂ ಉಂಟು. ಸೆಕೆಂಡ್ ಹ್ಯಾಂಡ್ ಗಾಡಿ ಕೊಂಡವರು ಒಮ್ಮೆ ನೋಡಿಕೊಳ್ಳಿ.

ಟೈರಿನ ತೂತು ಹುಡುಕುವಾಗ ಮೊಳೆ ಸಿಕ್ಕಿದರೆ ಕೈಯಲ್ಲಿ ರಿಪೇರಿ ಕಿಟ್ ಇಲ್ಲದೆ ಕೀಳಬೇಡಿ. ಮೊಳೆಯೇ ಆ ತೂತಿಗೆ ಅರ್ಧ ಬಿರಡೆ. ಅದು ಇದ್ದಾಗ ಗಾಳಿ ತುಂಬಿ ಹತ್ತಿರದ ಅಂಗಡಿ ತಲುಪಬಹುದು, ಕಿತ್ತರೆ ಆಗುವುದಿಲ್ಲ. ಬಟನ್ ಇರುವ ಭಾಗದಲ್ಲಿ ಸುಮಾರು 6 ಮಿಲಿಮೀಟರ್ ತನಕದ ತೂತನ್ನು ರಿಪೇರಿ ಮಾಡಬಹುದು. ಪಕ್ಕದ ಗೋಡೆಯ ತೂತಿಗೆ ರಿಪೇರಿ ಇಲ್ಲ.

ಬೀಡ್ ರಿಮ್ ಬಿಟ್ಟಿದ್ದರೆ

ತಿಂಗಳುಗಟ್ಟಲೆ ನಿಲ್ಲಿಸಿದ ಕಾರಿನಲ್ಲಿ, ಅಥವಾ ಗುಂಡಿಗೆ ಬಿದ್ದು ಥಟ್ಟನೆ ಗಾಳಿ ಹೋದ ಟೈರಿನಲ್ಲಿ ಇದು ಸಾಮಾನ್ಯ. ರಿಮ್ಮಿಗೆ ಕಚ್ಚಿಕೊಂಡು ಕೂರುವ ಟೈರಿನ ದಪ್ಪ ಅಂಚಿಗೆ ಬೀಡ್ ಅನ್ನುತ್ತಾರೆ. ಟ್ಯೂಬ್‌ಲೆಸ್ ಟೈರಿನಲ್ಲಿ ಗಾಳಿಯನ್ನು ಹಿಡಿದಿಡುವುದು ಅದೇ. ಗಾಡಿಯ ಭಾರಕ್ಕೆ ಟೈರ್ ಚಪ್ಪಟೆಯಾದಾಗ ಅದು ಒಂದು ಕಡೆ ರಿಮ್ ಬಿಟ್ಟು ಒಳಕ್ಕೆ ಸರಿಯುತ್ತದೆ. ಆಗ ಸಣ್ಣ ಪಂಪ್ ಒಂದು ಗಂಟೆ ಓಡಿಸಿದರೂ ಟೈರ್ ಏಳುವುದಿಲ್ಲ. ಪಂಪ್ ಕೊಡುವ ಗಾಳಿಗಿಂತ ಆ ಸಂದಿಯಿಂದ ಹೋಗುವ ಗಾಳಿಯೇ ಜಾಸ್ತಿ.

ಗುರುತು ಹಿಡಿಯುವುದು ಸುಲಭ. ಟೈರ್ ಮತ್ತು ರಿಮ್ ಸೇರುವ ಜಾಗದಲ್ಲಿ ಬೆರಳಾಡಿಸಿ. ಸಂದಿ ಕಾಣುತ್ತದೆ, ಪಂಪ್ ಓಡುವಾಗ ಅಲ್ಲಿ ಕೈಗೆ ಗಾಳಿ ತಾಗುತ್ತದೆ. ಹಿಂದಿನ ಮಗ್ಗುಲನ್ನೂ ನೋಡಿ, ಎಷ್ಟೋ ಸಲ ಬಿಟ್ಟಿರುವುದು ಗಾಡಿಯ ಒಳಗಡೆ.

ಮೊದಲು ಮಾಡಬೇಕಾದ್ದು ಭಾರ ತೆಗೆಯುವುದು. ಸರಿಯಾದ ಜಾಗಕ್ಕೆ ಜಾಕ್ ಕೊಟ್ಟು ಟೈರ್ ನೆಲ ಬಿಡುವಷ್ಟು ಎತ್ತಿ. ಗಾಡಿಯ ಕೆಳಗೆ ಮೈ ತೂರಿಸಬೇಡಿ. ಭಾರ ಹೋದ ಕೂಡಲೇ ಟೈರ್ ಅರ್ಧದಷ್ಟು ತನ್ನ ಆಕಾರಕ್ಕೆ ಬರುತ್ತದೆ. ರಿಮ್ಮಿನ ಅಂಚಿನ ಮಣ್ಣು, ತುಕ್ಕಿನ ಪುಡಿ ಒರೆಸಿ, ಸುತ್ತಲೂ ಸೋಪಿನ ನೀರು ಧಾರಾಳವಾಗಿ ಹಚ್ಚಿ. ಬೀಡ್ ಜಾರಿ ತನ್ನ ಜಾಗಕ್ಕೆ ಹೋಗಲು ಅದು ಬೇಕು. ಎರಡೂ ಕೈಯಲ್ಲಿ ಟೈರನ್ನು ಹಿಡಿದು ಹೊರಕ್ಕೆ ಎಳೆದು ಅಲ್ಲಾಡಿಸಿ, ಬೀಡ್ ರಿಮ್ಮಿಗೆ ಆದಷ್ಟು ಹತ್ತಿರ ಬರಲಿ. ಈಗ ವಾಲ್ವ್ ಪಿನ್ ಬಿಚ್ಚಿ, ಪಿನ್ ಇಲ್ಲದೆಯೇ ಪಂಪ್ ಜೋಡಿಸಿ ಆನ್ ಮಾಡಿ. ಪಿನ್ ಇಲ್ಲದಿದ್ದರೆ ಗಾಳಿ ರಭಸದಿಂದ ಹೋಗುತ್ತದೆ, ಬೀಡಿಗೆ ಬೇಕಾದ್ದು ಆ ರಭಸವೇ.

ಆಗಲೂ ಸಂದಿ ಮುಚ್ಚದಿದ್ದರೆ ಸರಕು ಬಿಗಿಯುವ ಬೆಲ್ಟನ್ನು ಟೈರಿನ ಬಟನ್ ಸುತ್ತ, ನಟ್ಟನಡುವೆ ಸುತ್ತಿ ಬಿಗಿ ಮಾಡಿ. ನಡುಭಾಗ ಒಳಕ್ಕೆ ಒತ್ತಿದಾಗ ಅಂಚುಗಳು ಹೊರಕ್ಕೆ ಸರಿಯುತ್ತವೆ. ಗಟ್ಟಿ ಹಗ್ಗ ಸುತ್ತಿ, ನಡುವೆ ಕೋಲು ತೂರಿಸಿ ತಿರುಗಿಸಿದರೂ ಅದೇ ಕೆಲಸ. ಈಗಿನ ರೇಡಿಯಲ್ ಟೈರಿನ ನಡುವೆ ಉಕ್ಕಿನ ಪಟ್ಟಿ ಇರುವುದರಿಂದ ಇದು ಯಾವಾಗಲೂ ಫಲ ಕೊಡುತ್ತದೆ ಅಂತ ಹೇಳಲಾರೆ. ಸಣ್ಣ ಟೈರಿನಲ್ಲಿ ಪ್ರಯತ್ನಿಸಬಹುದು. ಟೈರ್ ಸ್ವಲ್ಪ ಉಬ್ಬಿ ಸಂದಿ ಮುಚ್ಚಿದ ಕೂಡಲೇ ಬೆಲ್ಟ್ ಸಡಿಲಿಸಿ ತೆಗೆದುಬಿಡಿ.

ಬೀಡ್ ಕೂರುವಾಗ ‘ಟಪ್’ ಅಂತ ಗಟ್ಟಿ ಸದ್ದು ಬರುತ್ತದೆ. ಎರಡು ಮಗ್ಗುಲಿಗೂ ಬಿಟ್ಟಿದ್ದರೆ ಎರಡು ಸಲ. ಹೆದರಬೇಕಿಲ್ಲ, ಆದರೆ ಆ ಹೊತ್ತಲ್ಲಿ ಬೆರಳು ರಿಮ್ಮಿನ ಹತ್ತಿರ ಇರಕೂಡದು. 40 ಪಿಎಸ್‌ಐ ತನಕ ಹೋದರೂ ಕೂರದಿದ್ದರೆ ನಿಲ್ಲಿಸಿ, ಗಾಳಿ ಬಿಟ್ಟು, ಸೋಪಿನ ನೀರು ಹಚ್ಚಿ ಮತ್ತೆ ಶುರು ಮಾಡಿ. ಇನ್ನೂ ಜಾಸ್ತಿ ತುಂಬಿ ಕೂರಿಸಲು ಹೋದರೆ ಬೀಡಿನ ತಂತಿ ತುಂಡಾಗಿ ಟೈರ್ ಸಿಡಿಯಬಹುದು. ಕೂತಿತು ಅನ್ನಿಸಿದ ಮೇಲೆ ರಿಮ್ಮಿನ ಪಕ್ಕದಲ್ಲಿ ಟೈರಿನ ಮೇಲೆ ಅಚ್ಚಾಗಿರುವ ತೆಳು ಗೆರೆ ನೋಡಿ. ಸುತ್ತಲೂ ರಿಮ್ಮಿನಿಂದ ಒಂದೇ ಅಂತರದಲ್ಲಿರಬೇಕು. ಒಂದು ಕಡೆ ಒಳಕ್ಕೆ ಹೋಗಿದ್ದರೆ ಅಲ್ಲಿ ಬೀಡ್ ಇನ್ನೂ ಕೂತಿಲ್ಲ. ಎಲ್ಲ ಸರಿಯಾದ ಮೇಲೆ ನಾಝಲ್ ತೆಗೆದು ಪಿನ್ ಹಾಕಿ. ಗಾಳಿ ಹೋಗುತ್ತದೆ, ಹೋಗಲಿ. ಕೂತ ಬೀಡ್ ಅಷ್ಟಕ್ಕೆ ಸಾಮಾನ್ಯವಾಗಿ ಏಳುವುದಿಲ್ಲ. ಜಾಕ್ ಇಳಿಸದೆ ಮತ್ತೆ ಗಾಳಿ ತುಂಬಿ.

ಟೈರಿನೊಳಗೆ ಪೆಟ್ರೋಲ್ ಅಥವಾ ಸ್ಪ್ರೇ ಹೊಡೆದು ಬೆಂಕಿ ಕೊಟ್ಟು ಬೀಡ್ ಕೂರಿಸುವ ವಿಡಿಯೋಗಳು ಓಡಾಡುತ್ತಿವೆ. ದಯವಿಟ್ಟು ಅದನ್ನು ಮಾಡಬೇಡಿ. ಅದು ಟೈರಿನೊಳಗೆ ನಡೆಯುವ ಸ್ಫೋಟ. ಎಷ್ಟು ಹೊಡೆದರೆ ಎಷ್ಟು ಸಿಡಿಯುತ್ತದೆ ಅಂತ ಯಾರ ಕೈಯಲ್ಲೂ ಇಲ್ಲ.

ಬಂಕಿನ ಮೆಷಿನ್ ಒಪ್ಪದಿದ್ದಾಗ

ಪೆಟ್ರೋಲ್ ಬಂಕಿನಲ್ಲಿ ಗಾಳಿ ಉಚಿತ, ಪೆಟ್ರೋಲ್ ಹಾಕಿಸದಿದ್ದರೂ ಕೇಳಬಹುದು. ಅಲ್ಲಿನ ಆಟೋಮ್ಯಾಟಿಕ್ ಮೆಷಿನ್ ಮೊದಲು ಟೈರಿನಲ್ಲಿ ಎಷ್ಟಿದೆ ಅಂತ ಅಳೆದು, ಆಮೇಲೆ ಗಾಳಿ ಬಿಡುತ್ತದೆ. ಟೈರ್ ಪೂರ್ತಿ ಖಾಲಿಯಿದ್ದರೆ ಕೆಲವು ಮೆಷಿನ್‌ಗಳಿಗೆ ಪೈಪ್ ಜೋಡಿಸಿದ್ದೇ ಗೊತ್ತಾಗುವುದಿಲ್ಲ, ಸುಮ್ಮನಿರುತ್ತವೆ. ಅದಕ್ಕೇ ಖಾಲಿ ಟೈರಿಗೆ ಮೆಷಿನ್ ಮೇಲೆ ಬೇರೆ ಬಟನ್ ಇರುತ್ತದೆ, ಹುಡುಗನಿಗೆ ‘ಪೂರ್ತಿ ಇಳಿದಿದೆ’ ಅಂತ ಹೇಳಿ.

ಇನ್ನೊಂದು, ಮೆಷಿನ್ ‘ಆಯ್ತು’ ಅಂತ ಕೂಗುತ್ತದೆ, ಟೈರ್ ನೋಡಿದರೆ ಸಡಿಲ. ಹಿಂದಿನವರು ಬೈಕಿಗೆ ಇಟ್ಟ ಅಂಕಿ ಹಾಗೇ ಉಳಿದಿರಬಹುದು. ದೂರದಿಂದ ಓಡಿಸಿಕೊಂಡು ಬಂದಿದ್ದರೆ ಟೈರ್ ಬಿಸಿಯಾಗಿ 3–4 ಪಿಎಸ್‌ಐ ಜಾಸ್ತಿ ತೋರಿಸುತ್ತಿರಬಹುದು. ತಣ್ಣಗಿರುವಾಗ ನೋಡಿದ್ದೇ ಸರಿಯಾದ ಲೆಕ್ಕ. ನಿಮ್ಮ ಗಾಡಿಗೆ ಎಷ್ಟು ಬೇಕು ಅನ್ನುವುದು ಡ್ರೈವರ್ ಬಾಗಿಲು ತೆರೆದರೆ ಕಂಬದ ಮೇಲಿನ ಸ್ಟಿಕರ್‌ನಲ್ಲಿದೆ. ಟೈರಿನ ಪಕ್ಕದಲ್ಲಿ ಬರೆದ ಅಂಕಿ ಆ ಟೈರಿನ ಗರಿಷ್ಠ ಮಿತಿ, ಅಷ್ಟು ತುಂಬಬಾರದು.

ಪಂಪಿನದೇ ತೊಂದರೆಯಾದರೆ

ಇದನ್ನು ತಿಳಿಯಲು ಅದೇ ಪಂಪನ್ನು ಗಾಳಿ ಇರುವ ಇನ್ನೊಂದು ಟೈರಿಗೆ ಜೋಡಿಸಿ. ಅಲ್ಲೂ ಏರದಿದ್ದರೆ ಪಂಪ್ ನೋಡಿ. ನಾಝಲ್ ಒಳಗಿನ ರಬ್ಬರ್ ವಾಷರ್ ಬಿದ್ದುಹೋಗಿರಬಹುದು, ಪೈಪ್ ಬುಡದಲ್ಲಿ ಸೀಳಿರಬಹುದು, ಫುಟ್‌ಬಾಲಿಗೆ ಗಾಳಿ ಹಾಕುವ ಸೂಜಿ ಅಲ್ಲೇ ಉಳಿದಿರಬಹುದು. ಪಂಪ್ ಆನ್ ಆದ ಕೂಡಲೇ ನಿಲ್ಲುತ್ತಿದ್ದರೆ ಇಟ್ಟ ಅಂಕಿ ಯಾವ ಅಳತೆಯಲ್ಲಿದೆ ನೋಡಿ. 1 ಬಾರ್ ಅಂದರೆ 14.5 ಪಿಎಸ್‌ಐ. 33 ಪಿಎಸ್‌ಐ ಬೇಕಿದ್ದರೆ ಬಾರ್‌ನಲ್ಲಿ ಸುಮಾರು 2.3, ಕೆಪಿಎ ಆದರೆ ಸುಮಾರು 230. ಕೆಪಿಎನಲ್ಲಿ 33 ಇಟ್ಟರೆ 5 ಪಿಎಸ್‌ಐಗೂ ಮುಂಚೆ ನಿಂತುಬಿಡುತ್ತದೆ.

ಪಂಪ್ ತಿರುಗುತ್ತಲೇ ಇಲ್ಲ ಅಂದರೆ ಸಾಕೆಟ್ಟಿನ ಫ್ಯೂಸ್ ನೋಡಿ. ಹಲವು ಕಾರುಗಳ ಸಾಕೆಟ್ ಮೇಲೆ 12 ವೋಲ್ಟ್, 120 ವಾಟ್ ಅಂತ ಬರೆದಿರುತ್ತದೆ, ಅಂದರೆ 10 ಆಂಪಿಯರ್ ಮಾತ್ರ. 15 ಆಂಪಿಯರ್ ಎಳೆಯುವ ದೊಡ್ಡ ಪಂಪ್ ಅದಕ್ಕೆ ಹಾಕಿದರೆ ಫ್ಯೂಸ್ ಹೋಗುವುದೇ. ಅಂಥ ಪಂಪನ್ನು ಕ್ಲಿಪ್ ಹಾಕಿ ನೇರ ಬ್ಯಾಟರಿಗೆ ಕೊಡಬೇಕು. ಇಂಜಿನ್ ಆನ್ ಇರಲಿ, ಮುಚ್ಚಿದ ಗ್ಯಾರೇಜಿನಲ್ಲಿ ಮಾತ್ರ ಬೇಡ. ಹತ್ತು ನಿಮಿಷ ಓಡಿದ ಮೇಲೆ ಪಂಪಿಗೆ ವಿರಾಮ ಕೊಡಿ. ನಾಝಲಿನ ಲೋಹದ ತುದಿ ಸುಡುವಷ್ಟು ಬಿಸಿ ಇರುತ್ತದೆ, ಬಟ್ಟೆ ಹಿಡಿದು ಬಿಚ್ಚಿ.

ಗಾಳಿ ಹಿಡಿದ ಮೇಲೆ

ವಾಲ್ವಿಗೆ ಇನ್ನೊಮ್ಮೆ ಸೋಪಿನ ನೀರು ಹಚ್ಚಿ ನೋಡಿ, ಕ್ಯಾಪ್ ಹಾಕಿ. ಮೊದಲ ನಾಲ್ಕೈದು ಕಿಲೋಮೀಟರ್ ನಿಧಾನ ಓಡಿಸಿ, ನಿಲ್ಲಿಸಿ ಮೀಟರ್ ಹಿಡಿಯಿರಿ. ಮಾರನೇ ಬೆಳಗ್ಗೆ ಗಾಡಿ ತೆಗೆಯುವ ಮುಂಚೆ ಮತ್ತೊಮ್ಮೆ. ಒಳ್ಳೆಯ ಟೈರ್ ತಿಂಗಳಿಗೆ 1–2 ಪಿಎಸ್‌ಐ ಕಳೆದುಕೊಳ್ಳುವುದು ಸಹಜ. ಒಂದೇ ರಾತ್ರಿಗೆ ಅಷ್ಟು ಇಳಿದರೆ ಸೋರಿಕೆ ಇನ್ನೂ ಇದೆ.

ಅಂಗಡಿಗೆ ಹೋದಾಗ ‘ಪಂಕ್ಚರ್ ಹಾಕಿ’ ಅಂತಷ್ಟೇ ಹೇಳಿ ಕೂರಬೇಡಿ. ಏನೇನು ನೋಡಿದಿರಿ ಅಂತ ಹೇಳಿ: ಬೀಡ್ ಬಿಟ್ಟಿತ್ತು, ಬುಡದಲ್ಲಿ ಸೋರುತ್ತಿತ್ತು, ಒಳಗೆ ಲಿಕ್ವಿಡ್ ಇದೆ. ಇಳಿದ ಟೈರಿನ ಮೇಲೆ ಸ್ವಲ್ಪ ದೂರ ಓಡಿಸಿದ್ದರೆ ಅದನ್ನೂ ಮುಚ್ಚಿಡಬೇಡಿ, ಟೈರ್ ಬಿಚ್ಚಿ ಒಳಮೈ ನೋಡಲು ಹೇಳಿ. ಒಳಗೆ ರಬ್ಬರ್ ಪುಡಿ ಉದುರುತ್ತಿದ್ದರೆ ಆ ಟೈರ್ ಮುಗಿಯಿತು. ಕಬ್ಬಿಣದ ರಿಮ್ಮಿನ ಅಂಚಿಗೆ ತುಕ್ಕು ಹಿಡಿದಿದ್ದರೆ ತಂತಿ ಬ್ರಷ್‌ನಿಂದ ಉಜ್ಜಿಸಿ, ಬೀಡ್ ಸೀಲರ್ ಹಚ್ಚಿಸಿ. ಬೆಂಡ್ ಇದ್ದರೆ ತೆಗೆಸಿ. ಅಲಾಯ್ ಸೀಳಿದ್ದರೆ ವೆಲ್ಡಿಂಗ್ ಬೇಡ, ಬದಲಿಸಿ.

ಅದೇ ದಿನ ಸ್ಟೆಪ್ನಿಯ ಗಾಳಿಯನ್ನೂ ಚೆಕ್ ಮಾಡಿಸಿ. ತೆಳ್ಳಗಿನ ತಾತ್ಕಾಲಿಕ ಸ್ಟೆಪ್ನಿ ಆದರೆ ಅದಕ್ಕೆ ಸಾಮಾನ್ಯವಾಗಿ 60 ಪಿಎಸ್‌ಐ ಬೇಕು, ವೇಗ ಗಂಟೆಗೆ 80 ಕಿಲೋಮೀಟರ್ ದಾಟಬಾರದು. ಡಿಕ್ಕಿಯಲ್ಲಿ ಪಂಪ್ ಜೊತೆ ವಾಲ್ವ್ ಕೀ, ಎರಡು ಪಿನ್, ಎರಡು ಪ್ಲಾಸ್ಟಿಕ್ ಕ್ಯಾಪ್, ಸಣ್ಣ ಬಾಟಲಿ ಸೋಪಿನ ನೀರು, ಹಳೇ ಬಟ್ಟೆ, ಕೈಗವಸು ಇಟ್ಟುಕೊಳ್ಳಿ. ಪಂಪನ್ನು ತಿಂಗಳಿಗೊಮ್ಮೆ ಮನೆ ಮುಂದೆಯೇ ಆನ್ ಮಾಡಿ, ನಾಲ್ಕೂ ಟೈರಿಗೆ ಜೋಡಿಸಿ ನೋಡಿ. ಯಾವ ವಾಲ್ವ್ ಹಟ ಮಾಡುತ್ತದೆ ಅಂತ ಅಲ್ಲೇ ಗೊತ್ತಾಗುತ್ತದೆ.